ಎಲೆ ಉದುರಿದ ನೀರು ಮತ್ತು ಬೆಂಜಮಿನ್ ಫ್ರಾಂಕ್ಲಿನ್

ಮಕ್ಕಳೇ, ಕಾಳಿ ನದಿಯ ದಂಡೆಯಲ್ಲಿ ಬೀಸುಬಲೆ ಎಸೆಯುವವರನ್ನು ನೀವು ನೋಡಿರುತ್ತೀರಿ. ಬಲೆ ಗಾಳಿಯಲ್ಲಿ ಕೊಡೆಯಂತೆ ಅರಳುತ್ತದೆ, ನೀರಿಗೆ ಬಿದ್ದ ಕೂಡಲೇ ತಳ ಸೇರುತ್ತದೆ. ನೂಲಿನ ಬಲೆ ಅಷ್ಟು ಬೇಗ ಮುಳುಗುವುದು ಹೇಗೆ? ಅದರ ಅಂಚಿನಲ್ಲಿ ಸಾಲಾಗಿ ಕಟ್ಟಿದ ಬೂದು ಬಣ್ಣದ ಸಣ್ಣ ಗುಂಡುಗಳೇ ಇದಕ್ಕೆ ಕಾರಣ. ಅವು ಸೀಸದವು. ಸೀಸ ಅದೇ ಗಾತ್ರದ ನೀರಿಗಿಂತ 11 ಪಟ್ಟು ಹೆಚ್ಚು ಭಾರ. ಮೆತ್ತಗಿನ ಲೋಹವಾದ್ದರಿಂದ ಬೇಕಾದ ಆಕಾರಕ್ಕೆ ಬಗ್ಗುತ್ತದೆ, ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ.

ಈಗ ಮಲ್ಲಾಪುರದಂಥ ಊರಿನ ಒಂದು ಶಾಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕೈತೋಟದ ಮೂಲೆಯಲ್ಲಿ ಮಕ್ಕಳು ಪುಟ್ಟ ಕೊಳ ತೋಡಿದ್ದಾರೆ. ಸೊಳ್ಳೆಮರಿ ತಿನ್ನಲಿ ಎಂದು ಗಪ್ಪಿ ಮೀನು ಬಿಟ್ಟಿದ್ದಾರೆ. ನೈದಿಲೆಯ ಗಡ್ಡೆಯನ್ನು ನೆಟ್ಟರೆ ಅದು ಮತ್ತೆ ಮತ್ತೆ ಮೇಲಕ್ಕೆ ತೇಲಿಬರುತ್ತದೆ. ಆಗ ಯಾರಿಗಾದರೂ ಹೊಳೆಯುವ ಉಪಾಯ ಇದು: ಹಳೆಯ ಬಲೆಯ ನಾಲ್ಕು ಸೀಸದ ಗುಂಡುಗಳನ್ನು ಗಡ್ಡೆಗೆ ಕಟ್ಟಿ ಬಿಟ್ಟರಾಯಿತು! ಪೇಟೆಯಲ್ಲಿ ಮೀನಿನ ಗಾಜಿನ ತೊಟ್ಟಿಗೆಂದು ಮಾರುವ ಜಲಸಸ್ಯಗಳ ಬುಡಕ್ಕೂ ಅನೇಕ ವೇಳೆ ಇಂಥದೇ ಬೂದು ಪಟ್ಟಿ ಸುತ್ತಿರುತ್ತಾರೆ.

ಇದು ಸರಿಯೇ? ಸೀಸ ಕಲ್ಲಿನ ಹಾಗೆ ಸುಮ್ಮನೆ ಬಿದ್ದಿರುತ್ತದೆಯೇ, ಅಥವಾ ನೀರಿಗೆ ಏನನ್ನಾದರೂ ಬಿಡುತ್ತದೆಯೇ?

ಇಂಥದೇ ಒಂದು ಪ್ರಶ್ನೆಯ ಬೆನ್ನು ಹತ್ತಿ ಸುಮಾರು 60 ವರ್ಷ ಕಾಲ ಒಂದೊಂದೇ ಸಂಗತಿಯನ್ನು ನೆನಪಿನಲ್ಲಿ ಕೂಡಿಟ್ಟವರೊಬ್ಬರಿದ್ದರು. ಅವರ ಹೆಸರು ನಿಮಗೆ ಗೊತ್ತು. ಗುಡುಗು ಮಳೆಯಲ್ಲಿ ಗಾಳಿಪಟ ಹಾರಿಸಿದ ಬೆಂಜಮಿನ್ ಫ್ರಾಂಕ್ಲಿನ್. ಗಾಳಿಪಟದ ಕಥೆ ಎಲ್ಲರಿಗೂ ಗೊತ್ತು, ಸೀಸದ ಕಥೆ ಗೊತ್ತಿರುವವರು ಕಡಿಮೆ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಚೆನ್ನಾಗಿದೆ.

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ಆಗ ಅದು ಇಂಗ್ಲಿಷರ ವಸಾಹತು. ತಂದೆ ಸಾಬೂನು, ಮೇಣದಬತ್ತಿ ಮಾಡಿ ಮಾರುವವರು. ಮನೆಯ 17 ಮಕ್ಕಳಲ್ಲಿ ಇವನು 15ನೆಯವನು. ಶಾಲೆಗೆ ಹೋದದ್ದು ಎರಡೇ ವರ್ಷ. 12ನೆಯ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ.

ಆ ಕಾಲದ ಮುದ್ರಣಾಲಯ ಎಂದರೆ ಏನು ಗೊತ್ತೆ? ಒಂದೊಂದು ಅಕ್ಷರಕ್ಕೂ ಒಂದೊಂದು ಲೋಹದ ಅಚ್ಚುಮೊಳೆ. ಅವನ್ನು ಬೆರಳಿನಿಂದ ಹೆಕ್ಕಿ, ಸಾಲಾಗಿ ಜೋಡಿಸಿ, ಶಾಯಿ ಹಚ್ಚಿ, ಮೇಲೆ ಕಾಗದ ಒತ್ತಬೇಕು. ಕನ್ನಡದ ಪುಸ್ತಕಗಳೂ ಬಹುಕಾಲ ಹೀಗೆಯೇ ಅಚ್ಚಾಗುತ್ತಿದ್ದವು. ನಿಮ್ಮ ಅಜ್ಜ ಓದಿದ ಪಾಠಪುಸ್ತಕವೂ ಮೊಳೆ ಜೋಡಿಸಿಯೇ ಅಚ್ಚಾದದ್ದಿರಬಹುದು. ಈ ಮೊಳೆಗಳಲ್ಲಿ ಸ್ವಲ್ಪ ಆಂಟಿಮನಿ, ಸ್ವಲ್ಪ ತವರ ಇರುತ್ತಿತ್ತು, ಉಳಿದದ್ದೆಲ್ಲ ಸೀಸ. ಹಾಗಾಗಿ ಫ್ರಾಂಕ್ಲಿನ್‌ನ ಬೆರಳುಗಳಿಗೆ ಸೀಸ ಚಿಕ್ಕಂದಿನಿಂದಲೇ ಪರಿಚಿತ. (ನೀವು ಬರೆಯುವ ಸೀಸದಕಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಹೆಸರಿನಲ್ಲಿ ಮಾತ್ರ ಸೀಸ, ಒಳಗಿರುವುದು ಗ್ರಾಫೈಟ್, ಅಂದರೆ ಇಂಗಾಲ. ಗಾಬರಿ ಬೇಡ!)

ಅವನು ಹುಡುಗನಾಗಿದ್ದಾಗಲೇ ಬಾಸ್ಟನ್ನಿನಲ್ಲಿ ಒಂದು ಸುದ್ದಿ ಹಬ್ಬಿತ್ತು. ಅಲ್ಲಿಂದ ಉತ್ತರ ಕ್ಯಾರೊಲಿನಾಕ್ಕೆ ಹೋಗುತ್ತಿದ್ದ ರಮ್ ಎಂಬ ಮದ್ಯ ಕುಡಿದವರಿಗೆ ವಿಪರೀತ ಹೊಟ್ಟೆನೋವು ಬರುತ್ತಿತ್ತು, ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಅಲ್ಲಿನವರು ದೂರು ಕೊಟ್ಟರು. ಭಟ್ಟಿಗಳನ್ನು ತಪಾಸಣೆ ಮಾಡಿದಾಗ, ಹಬೆಯನ್ನು ತಣಿಸುವ ಸುರುಳಿ ಕೊಳವೆಗಳನ್ನು ಕೆಲವರು ತಾಮ್ರದ ಬದಲು ಸೀಸದಿಂದ ಮಾಡಿದ್ದು ಕಂಡುಬಂತು. ರೋಗಕ್ಕೆ ಆ ಸೀಸವೇ ಕಾರಣ ಎಂದು ವೈದ್ಯರು ಅಭಿಪ್ರಾಯಪಟ್ಟರು. 1723ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಅಂಥ ಕೊಳವೆಗಳನ್ನು ನಿಷೇಧಿಸಿ ಕಾನೂನು ಮಾಡಿತು. ಸೀಸದ ವಿರುದ್ಧ ಅಮೆರಿಕದಲ್ಲಿ ಬಂದ ಮೊದಮೊದಲ ಕಾನೂನುಗಳಲ್ಲಿ ಇದೂ ಒಂದು.

ಅದೇ ವರ್ಷ 17ರ ಹುಡುಗ ಅಣ್ಣನೊಡನೆ ಜಗಳವಾಡಿ ಮನೆ ಬಿಟ್ಟು ಫಿಲಡೆಲ್ಫಿಯಾ ಸೇರಿದ. ಮರುವರ್ಷ, 1724ರ ಕೊನೆಯಲ್ಲಿ, ಅಲ್ಲಿನ ಗವರ್ನರರ ಪೊಳ್ಳು ಭರವಸೆ ನಂಬಿ ಲಂಡನ್ನಿಗೆ ಹಡಗು ಹತ್ತಿದ. ಅಲ್ಲಿ ಇಳಿದ ಮೇಲೆ ತಿಳಿಯಿತು, ಗವರ್ನರರು ಕೊಡುತ್ತೇನೆಂದ ಪತ್ರವೂ ಇಲ್ಲ, ಹಣವೂ ಇಲ್ಲ. ಹೊಟ್ಟೆಪಾಡಿಗಾಗಿ ಪಾಮರ್ ಎಂಬವರ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸ ಹಿಡಿದ.

ಲಂಡನ್ನಿನ ಚಳಿ ಕೇಳಬೇಕೆ? ತೊಳೆದ ಮೊಳೆಗಳು ಒಣಗಲೆಂದು ಅವುಗಳ ಪೆಟ್ಟಿಗೆಯನ್ನು ಬೆಂಕಿಯ ಮುಂದೆ ವಾಲಿಸಿ ಇಡುವ ರೂಢಿ ಅಲ್ಲಿತ್ತು. ಬಿಸಿ ಮೊಳೆ ಮುಟ್ಟಿದರೆ ಬೆರಳಿಗೆ ಹಿತ. ಹಾಗಾಗಿ ಮೊಳೆ ಒದ್ದೆ ಇಲ್ಲದಿದ್ದರೂ ಫ್ರಾಂಕ್ಲಿನ್ ಅವನ್ನು ಕಾಯಿಸಿಕೊಳ್ಳತೊಡಗಿದ. ಇದನ್ನು ನೋಡಿದ ಹಿರಿಯ ಕೆಲಸಗಾರನೊಬ್ಬ, ಹಾಗೆ ಮಾಡಬೇಡ, ಕೈ ಕಳೆದುಕೊಳ್ಳುತ್ತೀಯೆ ಎಂದು ಬುದ್ಧಿ ಹೇಳಿದ. ಅದೇ ಮುದ್ರಣಾಲಯದ ಇಬ್ಬರಿಗೆ ಹಾಗೆ ಆಗಿತ್ತಂತೆ. ವಾರಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್, ದುಡಿಯುತ್ತಿದ್ದವನು 10 ಶಿಲಿಂಗಿಗೆ ಇಳಿದಿದ್ದ. ಇನ್ನೊಬ್ಬನ ಮಣಿಕಟ್ಟು ಜೋತುಬಿದ್ದು, ಏಳೂವರೆ ಶಿಲಿಂಗ್ ಸಿಗುವುದೂ ಕಷ್ಟವಾಗಿತ್ತು. ಫ್ರಾಂಕ್ಲಿನ್‌ಗೂ ಕೈಯ ಎಲುಬಿನ ಒಳಗೆ ಎಂಥದೋ ನೋವು ಕಾಣಿಸಿಕೊಂಡಿತ್ತು. ಮೊಳೆ ಕಾಯಿಸುವುದನ್ನು ಅಲ್ಲಿಗೇ ನಿಲ್ಲಿಸಿದ.

ಆದರೆ ವಿಷಯವನ್ನು ಅಷ್ಟಕ್ಕೇ ಬಿಡಲಿಲ್ಲ. ಹತ್ತಿರದಲ್ಲೇ ಮೊಳೆ ಎರಕ ಹೊಯ್ಯುವವನೊಬ್ಬನಿದ್ದ. ಅವನ ಬಳಿ ಹೋಗಿ ವಿಚಾರಿಸಿದ. ಸೀಸದ ಹೊಗೆಯಿಂದ ಏನೂ ಆಗುವುದಿಲ್ಲ, ಕೆಲಸಗಾರರು ಕೈ ತೊಳೆಯದೆ ರೊಟ್ಟಿ ತಿನ್ನುತ್ತಾರೆ, ಬೆರಳಿಗಂಟಿದ ಲೋಹದ ಪುಡಿ ಹೊಟ್ಟೆಗೆ ಹೋಗುತ್ತದೆ, ಅದೇ ಕಾರಣ ಎಂದು ಆತ ವಾದಿಸಿದ. ಈ ಮಾತಿನಲ್ಲೂ ಹುರುಳಿದೆ ಅನ್ನಿಸಿತು. ಆದರೂ ತಾನು ಅನುಭವಿಸಿದ ನೋವಿನಿಂದಾಗಿ ಹೊಗೆಯ ಭಯ ಅವನಿಗೆ ಹೋಗಲಿಲ್ಲ. ಇಂದು ನಮಗೆ ಗೊತ್ತಿದೆ, ಎರಡೂ ದಾರಿಯಿಂದ ಸೀಸ ದೇಹ ಸೇರುತ್ತದೆ.

ಇನ್ನೊಂದು ಲಂಡನ್ ಮುದ್ರಣಾಲಯದಲ್ಲಿ ಜೊತೆಗಾರರೆಲ್ಲ ದಿನವಿಡೀ ಬಿಯರ್ ಕುಡಿಯುತ್ತಿದ್ದರೆ ಇವನು ನೀರನ್ನಷ್ಟೇ ಕುಡಿಯುತ್ತಿದ್ದ. ಅದಕ್ಕಾಗಿ ಅವನಿಗೆ ನೀರು ಅಮೆರಿಕನ್ ಎಂದೇ ಅಡ್ಡಹೆಸರು ಬಿದ್ದಿತ್ತು. ಎರಡೆರಡು ಕೈಗಳಲ್ಲಿ ಮೊಳೆಯ ಭಾರವಾದ ಚೌಕಟ್ಟುಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು ಮಾತ್ರ ಅವನೇ.

ಮುಂದಿನ ಸುಮಾರು 40 ವರ್ಷಗಳ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1726ರಲ್ಲಿ ಫಿಲಡೆಲ್ಫಿಯಾಕ್ಕೆ ಮರಳಿದ ಫ್ರಾಂಕ್ಲಿನ್ ಸ್ವಂತ ಮುದ್ರಣಾಲಯ ತೆರೆದರು, ಪತ್ರಿಕೆ ನಡೆಸಿದರು, ಪಂಚಾಂಗ ಮಾರಿದರು. 1731ರಲ್ಲಿ ಗೆಳೆಯರೊಡನೆ ಚಂದಾ ಎತ್ತಿ ಗ್ರಂಥಾಲಯ ಕಟ್ಟಿದರು. ಆ ಹೊಟ್ಟೆನೋವಿನ ರೋಗದ ಬಗ್ಗೆ ವೈದ್ಯರೊಬ್ಬರು ಬರೆದ ಪುಸ್ತಕವನ್ನು 1745ರಲ್ಲಿ ಅವರೇ ಅಚ್ಚು ಹಾಕಿದರು. 42ನೆಯ ವಯಸ್ಸಿಗೆ ವ್ಯಾಪಾರ ಬಿಟ್ಟು ವಿದ್ಯುತ್ತಿನ ಪ್ರಯೋಗಗಳಲ್ಲಿ ಮುಳುಗಿದರು. ಗಾಳಿಪಟದ ಪ್ರಯೋಗ ನಡೆದದ್ದು 1752ರಲ್ಲಿ (ಅದನ್ನು ನೀವು ಖಂಡಿತ ಮಾಡಬೇಡಿ, ಪ್ರಾಣ ಹೋಗುತ್ತದೆ). ಸಿಡಿಲು ನಿರೋಧಕ ಸರಳನ್ನು ಕಂಡುಹಿಡಿದರೂ ಅದರ ಹಕ್ಕನ್ನು ಕಾಯ್ದಿಟ್ಟುಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ 1753ರಲ್ಲಿ ಪದಕ ಕೊಟ್ಟು ಗೌರವಿಸಿತು.

ಈ ಎಲ್ಲದರ ನಡುವೆಯೂ ಅವರ ಕಣ್ಣು ಸೀಸದ ಮೇಲಿತ್ತು. ಒಂದು ಉದಾಹರಣೆ ಕೇಳಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಹೆಂಚಿನ ಮಾಡಿನ ಮೇಲೆ ಹಸಿರು ಹಾವಸೆ ಬೆಳೆಯುತ್ತದಲ್ಲ, ಹಾಗೆಯೇ ಅಮೆರಿಕದ ಹಲಗೆ ಮಾಡುಗಳ ಮೇಲೂ, ಬಿಸಿಲು ಕಡಿಮೆ ಬೀಳುವ ಉತ್ತರದ ಬದಿಯಲ್ಲಿ, ಹಾವಸೆ ಕಟ್ಟುತ್ತಿತ್ತು. ಆದರೆ ಮಾಡಿನ ಮೇಲಿನ ಕಿಟಕಿ ಚೌಕಟ್ಟಿಗೆ ಸೀಸದಿಂದ ಮಾಡಿದ ಬಿಳಿ ಬಣ್ಣ ಬಳಿದಿದ್ದರೆ, ಅದರ ಕೆಳಗೆ ಸೂರಿನ ತನಕ ಒಂದು ಪಟ್ಟಿಯಷ್ಟು ಜಾಗದಲ್ಲಿ ಹಾವಸೆಯೇ ಇರುತ್ತಿರಲಿಲ್ಲ! ಮಳೆನೀರು ಬಣ್ಣದಿಂದ ಸೀಸವನ್ನು ತೊಳೆದು ಹೊತ್ತು ತರುತ್ತಿತ್ತು. ಬರಿಗಣ್ಣಿಗೆ ಕಾಣದ ಅಷ್ಟು ಅಲ್ಪ ಸೀಸ ಹಾವಸೆ ಬೆಳೆಯದಂತೆ ತಡೆಯುತ್ತಿತ್ತು. ಎಷ್ಟೋ ಸಾವಿರ ಜನ ದಿನವೂ ಆ ಪಟ್ಟಿಗಳನ್ನು ನೋಡಿದ್ದರು. ಯಾಕೆ ಎಂದು ಕೇಳಿದವರು ಎಷ್ಟು ಮಂದಿ?

ಯುರೋಪಿನ ಒಂದು ಮನೆಯ ಸಂಗತಿಯೂ ಅವರ ಕಿವಿಗೆ ಬಿದ್ದಿತ್ತು. ಆ ಮನೆ ಎತ್ತರದ ಗುಡ್ಡದ ಮೇಲಿತ್ತು, ಬಾವಿ ತೋಡುವಂತಿರಲಿಲ್ಲ. ಮಾಡಿಗೆ ಸೀಸದ ತಗಡು ಹೊದಿಸಿದ್ದರು. ಅದರ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಮನೆಮಂದಿ ಕುಡಿಯುತ್ತಿದ್ದರು. ಹಲವು ವರ್ಷ ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಒಂದು ವರ್ಷ ಇಡೀ ಕುಟುಂಬ ಆ ಹೊಟ್ಟೆನೋವಿನ ರೋಗಕ್ಕೆ ತುತ್ತಾಯಿತು. ಮಾಡು ಅದೇ, ತೊಟ್ಟಿ ಅದೇ, ಮಳೆಯೂ ಅದೇ. ಬದಲಾದದ್ದು ಏನು?

ಸ್ವಲ್ಪ ಹೊತ್ತು ಓದುವುದನ್ನು ನಿಲ್ಲಿಸಿ ಯೋಚಿಸಿ.

ಮನೆಯ ಪಕ್ಕದಲ್ಲಿ ನೆಟ್ಟಿದ್ದ ಎಳೆಯ ಮರಗಳು ಆ ಹೊತ್ತಿಗೆ ಮಾಡಿಗಿಂತ ಎತ್ತರ ಬೆಳೆದಿದ್ದವು. ಅವುಗಳ ಎಲೆಗಳು ಸೀಸದ ತಗಡಿನ ಮೇಲೆ ಉದುರಿ ಕೊಳೆಯುತ್ತಿದ್ದವು. ಎಲೆಗಳಲ್ಲಿದ್ದ ಆಮ್ಲ ಸೀಸವನ್ನು ಕರಗಿಸಿ ನೀರಿಗೆ ಸೇರಿಸಿರಬೇಕು ಎಂಬುದು ಊಹೆ. ಆಗ ಅದು ಊಹೆಯೇ, ಯಾರೂ ಪರೀಕ್ಷೆ ಮಾಡಿರಲಿಲ್ಲ. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಕ್ರಿಸ್ಟಿಸನ್ ಎಂಬ ವೈದ್ಯರು ಬೇರೆ ಬೇರೆ ಬಗೆಯ ನೀರಿನಲ್ಲಿ ಸೀಸವನ್ನು ಇಟ್ಟು ನೋಡಿದರು. ಎಲ್ಲ ನೀರೂ ಸೀಸದ ಜೊತೆ ಒಂದೇ ರೀತಿ ವರ್ತಿಸುವುದಿಲ್ಲ ಎಂಬುದು ಖಚಿತವಾಯಿತು.

ಅದರ ಗುಟ್ಟು ಇಷ್ಟು. ಹೊಸದಾಗಿ ಕತ್ತರಿಸಿದ ಸೀಸ ಫಳಫಳ ಹೊಳೆಯುತ್ತದೆ. ಗಾಳಿ ತಾಗಿದ ಮೇಲೆ ಅದರ ಮೈಮೇಲೆ ತೆಳುವಾದ ಬೂದು ಪೊರೆ ಕಟ್ಟುತ್ತದೆ. ಗಡಸು ನೀರಿನಲ್ಲಿ, ಅಂದರೆ ಸುಣ್ಣದ ಅಂಶ ಹೆಚ್ಚಿರುವ ನೀರಿನಲ್ಲಿ, ಈ ಪೊರೆ ಗಟ್ಟಿಯಾಗಿ ಕೂರುತ್ತದೆ, ಒಳಗಿನ ಲೋಹ ಸುಲಭವಾಗಿ ಕರಗುವುದಿಲ್ಲ. ಇಂಗ್ಲೆಂಡಿನ ಹಳೆಯ ತೋಟಗಳಲ್ಲಿ ಸೀಸದ ನೀರುತೊಟ್ಟಿ, ಸೀಸದ ಕಾರಂಜಿ ಬೊಂಬೆ ಇವತ್ತಿಗೂ ಇವೆ. ಕೊಳಕ್ಕೆ ಸೀಸ ಹಾಕಿದರೆ ಏನೂ ಆಗುವುದಿಲ್ಲ ಎನ್ನುವವರು ಅವನ್ನೇ ತೋರಿಸುತ್ತಾರೆ. ಆದರೆ ಮೃದು ನೀರಿನಲ್ಲಿ ಆ ಪೊರೆ ನಿಲ್ಲುವುದಿಲ್ಲ. ನೀರು ಸ್ವಲ್ಪ ಹುಳಿಯೂ ಆಗಿದ್ದರಂತೂ ಮುಗಿಯಿತು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಿತ್ತಾಳೆ ಚೊಂಬಿನ ಕಪ್ಪು ಹೇಗೆ ಬಿಡುತ್ತದೆ, ನೋಡಿದ್ದೀರಲ್ಲ? ಹುಳಿ ಆ ಪೊರೆಯನ್ನು ಕರಗಿಸುತ್ತದೆ. ಇಲ್ಲೂ ಹಾಗೆಯೇ.

ನಿಮ್ಮೂರಿನ ನೀರು ಯಾವ ಬಗೆಯದು? ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಸಾಬೂನು ಸಾಕು. ನಮ್ಮ ಕಡೆಯ ಬಾವಿ ನೀರಿನಲ್ಲಿ ಸಾಬೂನು ಬೇಗ ನೊರೆ ಬಿಡುತ್ತದೆ. ಬಯಲುಸೀಮೆಯ ನೆಂಟರ ಮನೆಗೆ ಹೋದಾಗ ಕೊಳವೆಬಾವಿಯ ನೀರಿನಲ್ಲಿ ಎಷ್ಟು ತಿಕ್ಕಿದರೂ ನೊರೆ ಬರುವುದು ಕಷ್ಟ. ಅದು ಗಡಸು ನೀರು, ನಮ್ಮದು ಮೃದು ನೀರು. ಕಾರವಾರ, ಅಂಕೋಲಾ ಕಡೆ ಮಳೆ ಹೆಚ್ಚು. ಚಿರೆಕಲ್ಲಿನ ನೆಲದಲ್ಲಿ ಸುಣ್ಣ ಕಡಿಮೆ, ಬಾವಿನೀರು ಅನೇಕ ಕಡೆ ಸ್ವಲ್ಪ ಆಮ್ಲೀಯ. ಅದರ ಮೇಲೆ ಮರಗಳ ಎಲೆ. ಕೊಳದಲ್ಲಿ ಎಲೆ ಬಿದ್ದು ನೀರು ಚಹಾದ ಬಣ್ಣಕ್ಕೆ ತಿರುಗಿದ್ದನ್ನು ನೀವು ಕಂಡಿರುತ್ತೀರಿ. ಯುರೋಪಿನ ಆ ಮನೆಯ ಮಾಡಿನ ಮೇಲೆ ಮರಗಳು ಬೆಳೆದ ಮೇಲೆ ಆದದ್ದು, ನಮ್ಮ ಕೈತೋಟದ ಕೊಳದಲ್ಲಿ ಮೊದಲ ಮಳೆಗಾಲದಲ್ಲೇ ಆಗಬಹುದು.

ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಬಾರದು. ಕೊಳದಲ್ಲಿ 1,000 ಲೀಟರ್ ನೀರಿದೆ ಎನ್ನಿ. 10 ಮಿಲಿಗ್ರಾಂ ಸೀಸ ಕರಗಿದರೆ ಆ ಮಿತಿ ಮುಟ್ಟಿತು. 10 ಮಿಲಿಗ್ರಾಂ ಸೀಸ ಎಂದರೆ ಸಾಸಿವೆ ಕಾಳಿಗಿಂತ ಚಿಕ್ಕ ತುಣುಕು. ಕೊಳದ ನೀರನ್ನು ನಾವು ಕುಡಿಯುವುದಿಲ್ಲ, ನಿಜ. ಆದರೆ ಮೃದು ನೀರಿನಲ್ಲಿ ಬಸವನಹುಳು, ಮೀನಿನ ಮರಿಗಳಿಗೆ ಇದಕ್ಕಿಂತ ಕಡಿಮೆ ಸೀಸವೂ ತೊಂದರೆ ಕೊಡಬಲ್ಲದು. ಕರಗಿದ್ದೆಲ್ಲ ಮಾಯವಾಗುವುದೂ ಇಲ್ಲ. ತಳದ ಕೆಸರಿನಲ್ಲಿ ಉಳಿಯುತ್ತದೆ. ಆ ಕೆಸರನ್ನು ಬೇಸಿಗೆಯಲ್ಲಿ ಎತ್ತಿ ಹರಿವೆ, ಬಸಳೆಯ ಬುಡಕ್ಕೆ ಹಾಕುವವರೂ ನಾವೇ ಅಲ್ಲವೇ?

ಹಕ್ಕಿಗಳ ಪಾಡು ಇನ್ನೂ ಕಷ್ಟ. ಬಾತು, ಹಂಸಗಳು ಆಹಾರ ಅರೆಯಲೆಂದು ಸಣ್ಣ ಹರಳುಗಳನ್ನು ನುಂಗುತ್ತವೆ. ಇಂಗ್ಲೆಂಡಿನಲ್ಲಿ ಗಾಳದ ಸೀಸದ ಗುಂಡುಗಳನ್ನು ಹರಳೆಂದು ನುಂಗಿ ಬಹಳ ಹಂಸಗಳು ಸತ್ತವು. 1987ರಲ್ಲಿ ಅಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟವನ್ನೇ ನಿಲ್ಲಿಸಿದರು.

ಹಾಗಾದರೆ ನೈದಿಲೆ ಗಡ್ಡೆಗೆ ಏನು ಕಟ್ಟುವುದು? ಹೊಳೆಯ ಉರುಟು ಕಲ್ಲು ಕಟ್ಟಿ. ಇಲ್ಲವೇ ಒಡೆದ ಮಣ್ಣಿನ ಮಡಕೆಯಲ್ಲಿ ಗಡ್ಡೆ ನೆಟ್ಟು ಮೇಲೆ ಜಲ್ಲಿ ಹರಡಿ. ಪೇಟೆಯಿಂದ ತಂದ ಗಿಡದ ಬುಡದಲ್ಲಿ ಬೂದು ಪಟ್ಟಿ ಇದ್ದರೆ ಬಿಚ್ಚಿ ತೆಗೆದು, ಶಿಕ್ಷಕರ ಕೈಗೆ ಕೊಟ್ಟು, ಕೈ ತೊಳೆದುಕೊಳ್ಳಿ. ಬಲೆಯ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯುವುದನ್ನು ಮಾತ್ರ ಯಾರೂ ಮಾಡಬೇಡಿ. ಯಾರಾದರೂ ಒಲೆಯ ಮೇಲೆ ಸೀಸ ಕರಗಿಸುತ್ತಿದ್ದರೆ ಹತ್ತಿರ ನಿಲ್ಲಬೇಡಿ. ಅದು 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಅಡುಗೆ ಒಲೆ ಸಾಕು. ಅಪಾಯ ಇರುವುದೂ ಅಲ್ಲೇ.

ಮತ್ತೆ ಫ್ರಾಂಕ್ಲಿನ್ ಕಡೆ ಬರೋಣ. 1767ರಲ್ಲಿ ಅವರು ಸರ್ ಜಾನ್ ಪ್ರಿಂಗಲ್ ಎಂಬ ವೈದ್ಯಮಿತ್ರರೊಡನೆ ಪ್ಯಾರಿಸಿಗೆ ಹೋದರು. ಅಲ್ಲಿನ ಲಾ ಶಾರಿತೆ ಆಸ್ಪತ್ರೆ ಆ ಹೊಟ್ಟೆನೋವಿನ ಚಿಕಿತ್ಸೆಗೆ ಹೆಸರಾಗಿತ್ತು. ಗುಣವಾದ ರೋಗಿಗಳ ಹೆಸರು, ಕಸುಬು ಬರೆದ ಕಿರುಪುಸ್ತಕವೊಂದನ್ನು ಪ್ರಿಂಗಲ್ ಅಲ್ಲಿಂದ ತಂದರು. ಬೇರೆಯವರಾಗಿದ್ದರೆ ಮಗುಚಿ ನೋಡಿ ಬದಿಗಿಡುತ್ತಿದ್ದರು. ಫ್ರಾಂಕ್ಲಿನ್ ಒಂದೊಂದು ಹೆಸರಿನ ಮುಂದಿನ ಕಸುಬನ್ನೂ ಓದಿದರು. ಕೊಳಾಯಿ ಕೆಲಸದವರು, ಕಿಟಕಿಗೆ ಗಾಜು ಕೂರಿಸುವವರು, ಬಣ್ಣ ಬಳಿಯುವವರು. ಎಲ್ಲರೂ ಸೀಸ ಮುಟ್ಟುವವರೇ! ಆದರೆ ಎರಡು ಗುಂಪು ಮಾತ್ರ ಹೊಂದಲಿಲ್ಲ: ಕಲ್ಲುಕುಟಿಗರು ಮತ್ತು ಸೈನಿಕರು. ಅವರಿಗೆ ಸೀಸ ಎಲ್ಲಿಂದ ಬಂತು?

ಹೊಂದದ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ, ಆಸ್ಪತ್ರೆಯ ವೈದ್ಯರೊಬ್ಬರನ್ನು ಕೇಳಿದರು. ಉತ್ತರ ಸಿಕ್ಕಿತು. ಕಬ್ಬಿಣದ ಕಟಕಟೆಯ ಸರಳುಗಳನ್ನು ಕಲ್ಲಿನಲ್ಲಿ ಭದ್ರಪಡಿಸಲು ಕಲ್ಲುಕುಟಿಗರು ಕರಗಿದ ಸೀಸ ಹೊಯ್ಯುತ್ತಿದ್ದರು. ಆ ಸೈನಿಕರು ಬಣ್ಣಗಾರರ ಬಳಿ ಕೂಲಿಗೆ ಹೋಗಿ ಬಣ್ಣ ಅರೆಯುತ್ತಿದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಡಾಕ್ಟರ್ ಜಾರ್ಜ್ ಬೇಕರ್ ಎಂಬವರು, ಡೆವನ್ ಪ್ರಾಂತದ ಸೇಬಿನ ಪಾನೀಯದಿಂದ ಬರುತ್ತಿದ್ದ ಇಂಥದೇ ಹೊಟ್ಟೆನೋವಿಗೆ ಅದನ್ನು ತಯಾರಿಸುವ ಸಾಧನಗಳಲ್ಲಿದ್ದ ಸೀಸವೇ ಕಾರಣ ಎಂದು ತೋರಿಸಿದರು. ಸೇಬಿನ ರಸವೂ ಹುಳಿಯೇ, ನೆನಪಿಡಿ.

ಆಮೇಲೆ ಅಮೆರಿಕದ ಸ್ವಾತಂತ್ರ್ಯ ಹೋರಾಟ ಬಂತು. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಫ್ರಾಂಕ್ಲಿನ್ ಒಬ್ಬರು. ಅನಂತರ ಫ್ರಾನ್ಸಿನಲ್ಲಿ ತಮ್ಮ ದೇಶದ ಪ್ರತಿನಿಧಿಯಾಗಿದ್ದು 1785ರಲ್ಲಿ ಊರಿಗೆ ಮರಳಿದರು. 1786ರ ಜುಲೈ ತಿಂಗಳಲ್ಲಿ, 80 ವರ್ಷದ ಅವರು ಬೆಂಜಮಿನ್ ವಾನ್ ಎಂಬ ಸ್ನೇಹಿತರಿಗೆ ಉದ್ದನೆಯ ಪತ್ರ ಬರೆದರು. ಬಾಸ್ಟನ್ನಿನ ಭಟ್ಟಿ, ಲಂಡನ್ನಿನ ಬಿಸಿ ಮೊಳೆ, ಮಾಡಿನ ಹಾವಸೆ, ಎಲೆ ಉದುರಿದ ತೊಟ್ಟಿ, ಪ್ಯಾರಿಸಿನ ಪಟ್ಟಿ, ಎಲ್ಲವೂ ಅದರಲ್ಲಿವೆ. ಸೀಸ ಕೆಟ್ಟದ್ದೆಂಬ ವಿಷಯ ಕನಿಷ್ಠ 60 ವರ್ಷ ಹಳೆಯದು, ಆದರೂ ಜನ ಅದನ್ನು ಒಪ್ಪಿ ನಡೆಯುತ್ತಿಲ್ಲವಲ್ಲ ಎಂಬ ಬೇಸರವೂ ಕೊನೆಯಲ್ಲಿದೆ.

ಅವರು ತೀರಿಕೊಂಡದ್ದು 1790ರ ಏಪ್ರಿಲ್ 17ರಂದು. ಆ ಬೇಸರ ಎಷ್ಟು ಕಾಲ ಮುಂದುವರಿಯಿತು ನೋಡಿ. 20ನೆಯ ಶತಮಾನದಲ್ಲಿ ಪೆಟ್ರೋಲಿಗೇ ಸೀಸ ಬೆರೆಸಿದರು, ಅದು ಹೊಗೆಯಾಗಿ ಮಕ್ಕಳ ಶ್ವಾಸ ಸೇರಿತು. ಸೀಸ ದೇಹದೊಳಗೆ ಸುಣ್ಣದಂತೆ ನಟಿಸಿ ಎಲುಬಿನಲ್ಲಿ ಕೂರುತ್ತದೆ, ಬೆಳೆಯುವ ಮೆದುಳಿಗೆ ಏಟು ಕೊಡುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಮಕ್ಕಳ ವಿಷಯದಲ್ಲಿ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1999ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಸೀಸದ ವಿಷದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದ ಫೆಬ್ರವರಿ 1ರಿಂದ, ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಕೂಡದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ಫ್ರಾಂಕ್ಲಿನ್ ಬಾಳಿದ ಫಿಲಡೆಲ್ಫಿಯಾದ ಕೆಲವು ಹಳೆಯ ಮನೆಗಳಿಗೆ ಇಂದಿಗೂ ನೀರು ಬರುವುದು ಸೀಸದ ಕೊಳವೆಯಲ್ಲಿ. ರಸ್ತೆ ಅಗೆದು ಅವನ್ನು ಒಂದೊಂದಾಗಿ ತೆಗೆಯುತ್ತಿದ್ದಾರೆ.